ಮೊದ್ಲು ರೈಲ್ವೆ ಟೈಮ್‌ಟೇಬಲ್, ಆಮೇಲೆ ಟ್ರೋಫಿ: ಹುಡುಗೀರ ಫುಟ್‌ಬಾಲ್ ಲೀಗನ್ನ ದೇಶಮಟ್ಟಕ್ಕೆ ಕಟ್ಟೋದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕೂತು ನ್ಯಾಷನಲ್ ಲೀಗ್ ಬಗ್ಗೆ ಬರಿಯೋಕೆ ಇವಳ್ಯಾರು ಅಂತ ಕೇಳಿದ್ರೆ, ಯಾರೂ ಅಲ್ಲ. ಮಗಳನ್ನ ಫುಟ್‌ಬಾಲಿಗೆ ಸೇರಿಸಿ ಗ್ರೌಂಡಿನ ಬದಿಯಲ್ಲಿ ಬ್ಯಾಗು ಕಾಯೋ ಅಮ್ಮ ಆಗಿದ್ದೆ, ಆಮೇಲೆ ಟೀಮ್ ಮ್ಯಾನೇಜರ್ ಆದೆ, ಆಮೇಲೆ ಮುಂಬೈ, ಪುಣೆ, ಗೋವಾ ಕಡೆಯ ಒಂದಷ್ಟು ಟೀಮುಗಳನ್ನ ಸೇರಿಸಿ ನಡೆಸೋ ಸಣ್ಣ ಲೀಗಿಗೆ ಫಿಕ್ಸ್ಚರ್, ಅಂದ್ರೆ ಯಾರು ಯಾರ ಜೊತೆ ಯಾವತ್ತು ಆಡೋದು ಅನ್ನೋ ಪಟ್ಟಿ, ಬರೆಯೋಳು ಆದೆ. ನಮ್ಮದು ದೊಡ್ಡದೇನಲ್ಲ, ಆದ್ರೆ ತಪ್ಪು ಮಾಡೋಕೆ ಬೇಕಾದಷ್ಟು ದೊಡ್ಡದು. ಈಗ ಬೇರೆ ಬೇರೆ ಊರಿನವರು ಫೋನ್ ಮಾಡಿ ಅಕ್ಕಾ ನಾವೂ ಸೇರ್ತೇವೆ, ಇಡೀ ದೇಶಕ್ಕೇ ಮಾಡುವ, ಒಂದೊಂದು ಭಾಗಕ್ಕೆ ಒಂದೊಂದು ಸೆಕ್ಷನ್ ಇಡುವ ಅಂತ ಕೇಳ್ತಿದ್ದಾರೆ, ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಇಲ್ಲಿ ಬರೀತಿದ್ದೇನೆ.

ಎಲ್ಲರೂ ಮೊದ್ಲು ಕೇಳೋದು ಫೈನಲ್ ಎಲ್ಲಿ, ಟ್ರೋಫಿ ಎಷ್ಟು ಎತ್ತರ, ಗೆಸ್ಟ್ ಯಾರು. ನಾನು ವಾಪಸ್ ಕೇಳೋದು ಒಂದೇ ಮಾರಾಯ್ರೇ: ನಿಮ್ಮ ಲೀಗಲ್ಲಿ ಕೊನೇ ನಂಬರ್ ಬರೋ ಟೀಮಿನ ಹುಡುಗಿ ವರ್ಷಕ್ಕೆ ಎಷ್ಟು ಮ್ಯಾಚ್ ಆಡ್ತಾಳೆ? ಮೂರು ಅಂದ್ರೆ ಅದು ಲೀಗ್ ಅಲ್ಲ, ಜಾತ್ರೆ. ಹತ್ತು ಅಂದ್ರೆ ಮಾತಾಡುವ, ಬನ್ನಿ ಕೂತ್ಕೊಳ್ಳಿ.

ಇದು ನನ್ನ ಹಠ ಅಂತ ಅಂದ್ಕೋಬೇಡಿ, ನಮ್ಮ ದೇಶದ್ದೇ ಕತೆ ನೋಡಿ. ಇಂಡಿಯನ್ ವಿಮೆನ್ಸ್ ಲೀಗ್, ಅಂದ್ರೆ ಐಡಬ್ಲ್ಯೂಎಲ್, ಶುರು ಆದದ್ದು 2016-17ರ ಸೀಸನ್ನಿಗೆ. ಫೈನಲ್ ರೌಂಡಿಗೆ ಆರೇ ಟೀಮು, ಅದ್ರಲ್ಲಿ ಪುಣೆ ಸಿಟಿಯದ್ದೂ ಒಂದು ಇತ್ತು. ಎಲ್ಲವೂ ದಿಲ್ಲಿಯ ಅಂಬೇಡ್ಕರ್ ಸ್ಟೇಡಿಯಮ್ಮಿನಲ್ಲೇ, ಎರಡು ಚಿಲ್ಲರೆ ವಾರದಲ್ಲಿ ಮುಗೀತು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದರು. ಸೆಮಿ ತಲುಪದ ಟೀಮು ಐದು ಮ್ಯಾಚ್ ಆಡಿ ಮನೆಗೆ. ಆಮೇಲೂ ವರ್ಷ ವರ್ಷ ಒಂದೊಂದು ಊರಲ್ಲಿ ಎಲ್ಲರನ್ನೂ ಗುಡ್ಡೆ ಹಾಕಿ ಆಡಿಸಿದರು, ಶಿಲಾಂಗ್, ಲೂಧಿಯಾನ, ಬೆಂಗಳೂರು ಹೀಗೆ. ನಮ್ಮ ಮನೇಲೊಮ್ಮೆ ಅವರೂರಲ್ಲೊಮ್ಮೆ ಅಂತ ನಿಜವಾದ ಲೀಗಿನ ಥರ ಆಡಿದ್ದು 2023-24ರಲ್ಲಿ, ಏಳು ಟೀಮು, ಒಬ್ಬೊಬ್ಬರಿಗೆ 12 ಮ್ಯಾಚು, ಒಡಿಶಾ ಎಫ್‌ಸಿ ಗೆದ್ದಿತು. ಮುಂದಿನ ಸೀಸನ್ ಎಂಟು ಟೀಮಾಗಿ 14 ಮ್ಯಾಚಾಯ್ತು, ಈಸ್ಟ್ ಬೆಂಗಾಲ್ ಗೆದ್ದಿತು. ಐದರಿಂದ ಹದಿನಾಲ್ಕಕ್ಕೆ ಬರೋಕೆ ಎಂಟು ವರ್ಷ ಆಯ್ತು. ಬೈಯ್ತಾ ಇಲ್ಲ, ತುದಿಯಿಂದ ಕಟ್ಟೋಕೆ ಹೊರಟ್ರೆ ಹೀಗೇ ಆಗೋದು.

ಜರ್ಮನಿಯವರು ಉಲ್ಟಾ ಮಾಡಿದ್ರು. 1990ರಲ್ಲಿ ಹೆಂಗಸರ ಬುಂಡೆಸ್‌ಲೀಗಾ ಶುರು ಮಾಡುವಾಗ್ಲೇ ಉತ್ತರ, ದಕ್ಷಿಣ ಅಂತ ಎರಡು ಭಾಗ, ಒಂದೊಂದರಲ್ಲಿ ಹತ್ತು ಟೀಮು, ಎರಡೂ ಕಡೆ ಮೇಲೆ ಬಂದವರಿಗೆ ಕೊನೆಗೆ ಸೆಮಿ, ಫೈನಲ್. ಏಳು ವರ್ಷ ಹಾಗೇ ಆಡಿ, ಕ್ಲಬ್ಬುಗಳು ಗಟ್ಟಿ ಆದ ಮೇಲೆ 1997ರಲ್ಲಿ ಒಂದೇ ಲೀಗ್ ಮಾಡ್ಕೊಂಡ್ರು. ಇಂಗ್ಲೆಂಡಲ್ಲಿ 1991ರಲ್ಲಿ 24 ಕ್ಲಬ್ ಸೇರಿ, ಮೇಲೊಂದು ಡಿವಿಷನ್, ಕೆಳಗೆ ನಾರ್ತ್ ಒಂದು ಸೌತ್ ಒಂದು, ತಲಾ ಎಂಟು. ಅವರದ್ದು ನಮ್ಮ ಒಂದು ರಾಜ್ಯದಷ್ಟು ದೇಶ, ಅವರೇ ಭಾಗ ಮಾಡ್ಕೊಂಡಿದ್ದಾರೆ ಅಂದ್ಮೇಲೆ ನಾವು ಕಾಶ್ಮೀರದಿಂದ ಕನ್ಯಾಕುಮಾರಿ ಅಂತ ಒಂದೇ ಪಟ್ಟಿ ಹಿಡ್ಕೊಂಡು ಎಂತ ಮಾಡೋದು?

ಸೆಕ್ಷನ್ ಗೆರೆ ಎಲ್ಲಿ ಎಳೀಬೇಕು

ಎಲ್ಲರೂ ಎಡವೋದು ಇಲ್ಲೇ, ನಾವೂ ಎಡವಿದ್ದು ಇಲ್ಲೇ. ಮ್ಯಾಪ್ ತೆಗೆದು ವೆಸ್ಟ್ ಝೋನ್ ಅಂತ ಸುತ್ತ ಹಾಕಿ ಮುಂಬೈ, ಪುಣೆ, ಗೋವಾ ಒಂದೇ ಸೆಕ್ಷನ್ನಿಗೆ ಹಾಕಿದ್ವಿ. ಕಾಗದದ ಮೇಲೆ ಚೆಂದ ಕಾಣ್ತದೆ. ಆದ್ರೆ ಮುಂಬೈಯಿಂದ ಕೊಂಕಣಕನ್ಯಾ ರೈಲು ರಾತ್ರಿ ಹತ್ತಿದ್ರೆ ಗೋವಾದ ಮಡಗಾಂವ್ ಮುಟ್ಟೋದು ಮರುದಿನ ಬೆಳಿಗ್ಗೆ ಹತ್ತೋ ಹನ್ನೊಂದೋ. ಅಂದ್ರೆ ಶನಿವಾರ ರಾತ್ರಿ ಹೊರಟು, ಭಾನುವಾರ ಮಧ್ಯಾಹ್ನ ಆಡಿ, ಮತ್ತೆ ರಾತ್ರಿ ರೈಲು ಹತ್ತಿ, ಸೋಮವಾರ ಬೆಳಿಗ್ಗೆ ನೇರ ಕಾಲೇಜಿಗೆ ಓಡ್ಬೇಕು, ಟ್ರಾಫಿಕ್ಕಿನಲ್ಲಿ ಸಿಕ್ಕಿದ್ರೆ ಅದೂ ಇಲ್ಲ. ಎರಡು ಸಲ ಹೀಗೆ ಆಯ್ತು, ಮೂರನೇ ಸಲಕ್ಕೆ ಹನ್ನೊಂದು ಹುಡುಗೀರೇ ಸಿಗ್ಲಿಲ್ಲ, ಎಂಟು ಜನ ಬಂದ್ರು, ಒಬ್ಬಳಿಗೆ ಜ್ವರ.

ಆಮೇಲೆ ನಾವು ಮಾಡಿಕೊಂಡ ನಿಯಮ ಒಂದೇ: ಭಾನುವಾರ ಆಡಿದ ಹುಡುಗಿ ಭಾನುವಾರ ರಾತ್ರಿ ಊಟಕ್ಕೆ ಮನೇಲಿರ್ಬೇಕು. ಈ ಒಂದು ನಿಯಮ ಹಿಡ್ಕೊಂಡು ಟೈಮ್‌ಟೇಬಲ್ ಮುಂದಿಟ್ಕೊಂಡು ಕೂತ್ರೆ ಸೆಕ್ಷನ್ನುಗಳು ತಾವಾಗೇ ಬೀಳ್ತವೆ. ಮುಂಬೈ, ಥಾಣೆ, ನವಿ ಮುಂಬೈ, ಪುಣೆ ಒಂದು, ಯಾಕಂದ್ರೆ ಮುಂಬೈ-ಪುಣೆ ರೈಲಲ್ಲಿ ಮೂರು ಮೂರೂವರೆ ಗಂಟೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಗೋವಾ ಮುಂಬೈಗೆ ಸೇರೋದಲ್ಲ, ಕಾರವಾರ, ಬೆಳಗಾವಿಗೆ ಸೇರೋದು. ಮಡಗಾಂವಿಂದ ಕಾರವಾರಕ್ಕೆ ಹೋಗೋಷ್ಟು ಹೊತ್ತಲ್ಲಿ ನಾನು ಡೊಂಬಿವಲಿಯಿಂದ ಚರ್ಚ್‌ಗೇಟ್ ಮುಟ್ಟಿರೋದಿಲ್ಲ. ಚೋರ್ಲಾ ಘಾಟ್ ಹತ್ತಿ ಇಳಿದ್ರೆ ಬೆಳಗಾವಿ. ಕೊಲ್ಲಾಪುರದವರು ಪುಣೆಗೆ ಬರೋದಕ್ಕಿಂತ ಬೆಳಗಾವಿಗೆ ಹೋಗೋದು ಸುಲಭ, ಹಾಗಾಗಿ ಅವರೂ ಈ ಕಡೆಗೇ. ರಾಜ್ಯದ ಗಡಿ ಅಂತ ನೋಡಿದ್ರೆ ಮೂರು ರಾಜ್ಯ ಆಯ್ತು, ರೈಲು ಬಸ್ಸು ಅಂತ ನೋಡಿದ್ರೆ ಒಂದೇ ಊರಿನ ನಾಲ್ಕು ಕೇರಿ.

ಇದಕ್ಕೊಂದು ತೊಂದರೆ ಉಂಟು, ಮುಚ್ಚಿಡೋದಿಲ್ಲ. ಫುಟ್‌ಬಾಲ್ ನಡೆಯೋದು ರಾಜ್ಯ ಸಂಸ್ಥೆಗಳ ಲೆಕ್ಕದಲ್ಲಿ. ಮಹಾರಾಷ್ಟ್ರಕ್ಕೆ ಮುಂಬೈಯ ಕೂಪರೇಜಿನಲ್ಲಿರೋ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್, ಅಂದ್ರೆ ವೀಫಾ, ಗೋವಾಕ್ಕೆ ಜಿಎಫ್‌ಎ, ಕರ್ನಾಟಕಕ್ಕೆ ಕೆಎಸ್‌ಎಫ್‌ಎ, ಇವೆಲ್ಲದರ ಮೇಲೆ ಇಡೀ ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್. ಸೆಕ್ಷನ್ ಒಂದೇ ರಾಜ್ಯದೊಳಗೆ ಇದ್ರೆ ಒಂದು ಕಡೆ ಪರ್ಮಿಷನ್ ತಗೊಂಡ್ರೆ ಸಾಕು, ಮೂರು ರಾಜ್ಯ ದಾಟಿದ್ರೆ ಮೂರೂ ಕಡೆ ಅಲೆದಾಟ, ಮೇಲಿನವರ ಒಪ್ಪಿಗೆನೂ ಬೇಕು. ಆದ್ರೂ ಅಲೆಯಿರಿ. ಮಾನ್ಯತೆ ಇಲ್ಲದ ಲೀಗಿಗೆ ರಿಜಿಸ್ಟರ್ ಆದ ಪ್ಲೇಯರ್ಸೂ ಬರೋದಿಲ್ಲ, ರೆಫರಿಗಳೂ ಬರೋದಿಲ್ಲ, ಬಂದ್ರೆ ಅವರ ಮೇಲೆ ಕ್ರಮ ಆಗಬಹುದು ಅಂತ ಹೆದರಿಕೆ, ಅದು ನ್ಯಾಯವೇ. ಕಾಗದ ಕೊಡುವಾಗ ನಾವು ನಿಮ್ಮ ಸ್ಟೇಟ್ ಲೀಗಿಗೆ ಪೈಪೋಟಿ ಅಲ್ಲ, ನಿಮ್ಮ ಸ್ಟೇಟ್ ಲೀಗಲ್ಲಿ ಆಡೋ ಹುಡುಗೀರಿಗೇ ಇನ್ನೂ ಹತ್ತು ಮ್ಯಾಚ್ ಕೊಡ್ತೇವೆ ಅಂತ ಮೊದಲ ಸಾಲಲ್ಲೇ ಬರೀರಿ, ಅವರ ಡೇಟಿಗೆ ನಮ್ಮ ಡೇಟು ಅಡ್ಡ ಬಂದ್ರೆ ನಾವೇ ಬದಲಾಯಿಸ್ತೇವೆ ಅಂತ ಎರಡನೇ ಸಾಲಲ್ಲಿ. ನಮಗೆ ಮೊದಲ ಸಲ ಕಾಗದ ವಾಪಸ್ ಬಂದದ್ದು ಈ ಎರಡು ಸಾಲು ಇಲ್ಲದ್ದಕ್ಕೇ.

ಎಷ್ಟು ಟೀಮು, ಎಷ್ಟು ಮ್ಯಾಚು

ಒಂದು ಸೆಕ್ಷನ್ನಿಗೆ ಆರು ಟೀಮು ಅತ್ಯುತ್ತಮ. ಎರಡೆರಡು ಸಲ ಆಡಿದ್ರೆ ಒಟ್ಟು 30 ಮ್ಯಾಚ್, ಒಬ್ಬೊಬ್ಬರಿಗೆ ಹತ್ತು, ಹತ್ತು ಭಾನುವಾರದಲ್ಲಿ ಮುಗೀತದೆ. ಎಂಟಾದ್ರೆ 56 ಮ್ಯಾಚ್, ಹದಿನಾಲ್ಕು ವಾರ, ಮೊದಲ ವರ್ಷಕ್ಕೆ ಅದು ಭಾರ. ಎಂಟು ಟೀಮು ಬಂದೇ ಬಿಟ್ರೆ ಒಂದೊಂದೇ ಸಲ ಆಡಿಸಿ, 28 ಮ್ಯಾಚ್, ಒಬ್ಬೊಬ್ಬರಿಗೆ ಏಳು, ಆಮೇಲೆ ಮೇಲಿನ ನಾಲ್ಕು ಬೇರೆ ಕೆಳಗಿನ ನಾಲ್ಕು ಬೇರೆ ಮಾಡಿ ಇನ್ನೊಂದೊಂದು ಸುತ್ತು, ಅಲ್ಲಿಗೆ ಎಲ್ಲರಿಗೂ ಹತ್ತು ಆಯ್ತು. ಕೆಳಗಿನವರಿಗೂ ಸಮಬಲದವರ ಜೊತೆ ಮೂರು ಮ್ಯಾಚ್ ಸಿಗ್ತದಲ್ಲ, ಅದೇ ಇದರ ಲಾಭ. ಬೆಸ ಸಂಖ್ಯೆ ಬಂದ್ರೆ ಪ್ರತಿ ವಾರ ಒಂದು ಟೀಮು ಖಾಲಿ ಕೂರ್ತದೆ, ತೊಂದ್ರೆ ಇಲ್ಲ, ಆ ವಾರ ಖಾಲಿ ಇರೋ ಟೀಮಿನವರೇ ಗ್ರೌಂಡ್ ಕೆಲಸಕ್ಕೆ ಬರ್ಬೇಕು ಅಂತ ನಿಯಮ ಮಾಡಿ, ಸುಣ್ಣ ಎಳೆಯೋಕೆ ಕೈ ಸಿಗ್ತದೆ. ಸುಣ್ಣ ಅಂದೆ, ಆದ್ರೆ ಸುಟ್ಟ ಸುಣ್ಣ ಹಾಕ್ಬೇಡಿ, ಚರ್ಮ ಕಣ್ಣು ಸುಡ್ತದೆ, ಚಾಕ್ ಪೌಡರೇ ಹಾಕಿ.

ದೂರ ದೂರದ ಊರುಗಳಿರೋ ಸೆಕ್ಷನ್ ಉಂಟಲ್ಲ, ಗುಡ್ಡಗಾಡಿನ ಕಡೆ, ಅಲ್ಲಿ ಭಾನುವಾರ ರಾತ್ರಿಯ ಊಟದ ನಿಯಮ ನಡೆಯೋದಿಲ್ಲ. ಅವರಿಗೆ ತಿಂಗಳಿಗೊಮ್ಮೆ ಒಂದು ಊರಲ್ಲಿ ಸೇರಿ ಶನಿವಾರ ಒಂದು ಭಾನುವಾರ ಒಂದು ಮ್ಯಾಚ್ ಅಂತ ಇಡಿ. ಎರಡು ದಿನ ಸಾಲಾಗಿ 90 ನಿಮಿಷ ಆಡಿಸೋದು ಬೇಡ, ಗ್ರಾಸ್‌ರೂಟ್ ಮಟ್ಟದಲ್ಲಿ ಆಟದ ಹೊತ್ತು ಕಡಿಮೆ ಮಾಡೋಕೆ ರೂಲ್ ಬುಕ್ಕಲ್ಲೇ ಅವಕಾಶ ಉಂಟು, ಸಂಸ್ಥೆಯವರ ಒಪ್ಪಿಗೆ ತಗೊಂಡು 30-30 ನಿಮಿಷ ಮಾಡ್ಕೊಳ್ಳಿ.

ಸೆಕ್ಷನ್ನಿಂದ ದೇಶಮಟ್ಟಕ್ಕೆ ಯಾರು ಹೋಗೋದು ಅಂತ ಮೊದಲ ಮ್ಯಾಚಿಗೆ ಮುಂಚೆನೇ ಬರೆದಿಟ್ಟು ಎಲ್ಲರ ಸಹಿ ಹಾಕಿಸ್ಕೊಳ್ಳಿ. ನಾಲ್ಕು ಸೆಕ್ಷನ್ ಇದ್ರೆ ಮೊದಲ ಎರಡೆರಡು, ಒಟ್ಟು ಎಂಟು. ಅದನ್ನ ನಾಲ್ಕರ ಎರಡು ಗುಂಪು ಮಾಡಿ, ಒಂದೇ ಸೆಕ್ಷನ್ನಿನವರು ಒಂದೇ ಗುಂಪಿಗೆ ಬೀಳದ ಹಾಗೆ. 12 ಗುಂಪಿನ ಮ್ಯಾಚು, ಎರಡು ಸೆಮಿ, ಒಂದು ಫೈನಲ್, ಒಟ್ಟು 15. ಒಂದೇ ಊರಲ್ಲಿ ಹನ್ನೊಂದು ಹನ್ನೆರಡು ದಿನದಲ್ಲಿ ಮುಗೀತದೆ, ಪ್ರತಿ ಮ್ಯಾಚಿನ ನಡುವೆ ಒಂದು ದಿನ ಬಿಡುವು ಕೊಟ್ಟೂ. ಆದ್ರೆ ಬೇರೆ ಬೇರೆ ಸೆಕ್ಷನ್ನಲ್ಲಿ ಎರಡನೇ ಬಂದವರನ್ನ ಹೋಲಿಸಿ ಬೆಸ್ಟ್ ರನ್ನರ್‌ಅಪ್ ಅಂತ ಸೀಟು ಇಡಲೇಬೇಡಿ. ಒಂದು ಸೆಕ್ಷನ್ನಲ್ಲಿ ಆರು ಟೀಮು, ಇನ್ನೊಂದರಲ್ಲಿ ಎಂಟು, ಒಂದು ಕಡೆ ಗಟ್ಟಿ ಟೀಮು, ಇನ್ನೊಂದು ಕಡೆ ಹೊಸ ಹುಡುಗೀರಿಗೆ ಹನ್ನೆರಡು ಗೋಲು ಹೊಡೆದವರು, ಅದನ್ನ ತಕ್ಕಡೀಲಿ ತೂಗೋದು ಹೇಗೆ? ನಮ್ಮಲ್ಲಿ ಒಂದು ವರ್ಷ ತೂಗೋಕೆ ಹೋಗಿ ವಾಟ್ಸಾಪ್ ಗ್ರೂಪಲ್ಲಿ ಬೆಳಗಿನ ಜಾವದವರೆಗೆ ಜಗಳ.

ಅದೇ ಕಾರಣಕ್ಕೆ ಪಾಯಿಂಟ್ ಸಮ ಆದ್ರೆ ಗೋಲ್ ಡಿಫರೆನ್ಸ್, ಅಂದ್ರೆ ಹೊಡೆದ ಗೋಲಿಗೂ ತಿಂದ ಗೋಲಿಗೂ ಇರೋ ವ್ಯತ್ಯಾಸ, ನೋಡೋ ಮುಂಚೆ ಅವರಿಬ್ಬರ ನಡುವಿನ ಮ್ಯಾಚಿನ ಫಲಿತಾಂಶ ನೋಡಿ. ಗೋಲ್ ಡಿಫರೆನ್ಸ್ ಮೊದ್ಲು ಇಟ್ರೆ ಬಲವಾದ ಟೀಮಿನ ಕೋಚು ಪಾಪದ ಟೀಮಿನ ಮೇಲೆ ಕೊನೇ ನಿಮಿಷದವರೆಗೂ ಗೋಲು ಬಾರಿಸ್ತಾ ಇರ್ತಾನೆ, ಅವನದ್ದೂ ತಪ್ಪಲ್ಲ, ನಿಯಮ ಹಾಗಿದೆ. ಆದ್ರೆ ಆ ಗೋಲ್‌ಕೀಪರ್ ಹುಡುಗಿ ಮುಂದಿನ ವಾರ ಬರೋದಿಲ್ಲ. ಮತ್ತೆ ಪ್ರಮೋಷನ್, ರೆಲಿಗೇಷನ್, ಗೆದ್ದವರನ್ನ ಮೇಲಿನ ಡಿವಿಷನ್ನಿಗೆ ಏರಿಸೋದು ಸೋತವರನ್ನ ಕೆಳಗಿಳಿಸೋದು ಅಂತೆಲ್ಲ ಮೊದಲ ಎರಡು ವರ್ಷ ಬಾಯಿಗೇ ತರಬೇಡಿ.

ಕ್ಯಾಲೆಂಡರು

ಜೂನಿಂದ ಸೆಪ್ಟೆಂಬರ್ ಈ ಕರಾವಳಿ ಪಟ್ಟಿ ಇಡೀ ಕೆರೆ. ಆಮೇಲೆ ಗಣೇಶ, ದಸರಾ. ಅಕ್ಟೋಬರ್ ನಡುವಿಗೆ ಶುರು ಮಾಡಿ, ದೀಪಾವಳಿಗೆ ಎರಡು ವಾರ ಬಿಟ್ಟು, ಜನವರಿ ಮಧ್ಯಕ್ಕೆ ಸೆಕ್ಷನ್ ಮುಗಿಸಿ, ಜನವರಿ ಕೊನೆಗೆ ನ್ಯಾಷನಲ್ ರೌಂಡ್. ಫೆಬ್ರವರಿ ಬಂತು ಅಂದ್ರೆ ಹತ್ತನೇ ಹನ್ನೆರಡನೇ ಕ್ಲಾಸಿನ ಪರೀಕ್ಷೆ, ಮನೆಯವರು ಬೂಟು ಕಪಾಟಿಗೆ ಹಾಕಿ ಬೀಗ ಹಾಕ್ತಾರೆ. ಗೋವಾದಲ್ಲಿ ಕ್ರಿಸ್‌ಮಸ್ ವಾರ ಯಾವ ಗ್ರೌಂಡೂ ಯಾವ ಹುಡುಗೀನೂ ಸಿಗೋದಿಲ್ಲ. ಮುಂಬೈಯಲ್ಲಿ ಡಿಸೆಂಬರ್-ಜನವರಿಗೆ ಗ್ರೌಂಡುಗಳೆಲ್ಲ ಟೆನಿಸ್ ಬಾಲ್ ಕ್ರಿಕೆಟಿನವರ ಪಾಲು, ಮಂಟಪ, ಮೈಕು, ಲೈಟು, ಹಾಗಾಗಿ ಆ ಎರಡು ತಿಂಗಳ ಬುಕಿಂಗ್ ಮಳೆಗಾಲದಲ್ಲೇ ಮಾಡಿಡಿ.

ಇನ್ನು ಮುಂಬೈಯವರು ಫಿಕ್ಸ್ಚರ್ ಮಾಡುವಾಗ ಭಾನುವಾರದ ಮೆಗಾ ಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ಲೋಕಲ್ ರೈಲು ಕಡಿಮೆ ಮಾಡೋದು, ಮರೀಬೇಡಿ. ಒಂದು ಸಲ ಕಲ್ಯಾಣದ ಟೀಮು ಮಧ್ಯಾಹ್ನ ಒಂದು ಗಂಟೆ ಮ್ಯಾಚಿಗೆ ಹೊರಟು ಘಾಟ್‌ಕೋಪರಿನಲ್ಲಿ ಲೋಕಲಿನೊಳಗೇ ಕಿಟ್ ಹಾಕ್ಕೊಂಡು ಕೂತಿತ್ತು, ಲೇಡೀಸ್ ಡಬ್ಬದಲ್ಲಿ ಹನ್ನೆರಡು ಗೋಲ್ಡನ್ ಜೆರ್ಸಿ, ಪಕ್ಕದ ಆಂಟಿಯರು ಏನಮ್ಮಾ ಡ್ಯಾನ್ಸಾ ಅಂತ ಕೇಳ್ತಿದ್ರಂತೆ. ಬೆಳಿಗ್ಗೆ ಎಂಟಕ್ಕೆ ಮೊದಲ ಮ್ಯಾಚ್ ಇಡಿ, ಬಿಸಿಲೂ ಕಡಿಮೆ, ಬ್ಲಾಕೂ ಶುರು ಆಗಿರೋದಿಲ್ಲ.

ಗ್ರೌಂಡು ಅಂದ್ರೆ ಹುಲ್ಲಲ್ಲ, ಬಾಗಿಲ ಚಿಲಕ

ಎಲ್ಲರೂ ಹುಲ್ಲು ಹೇಗಿದೆ, ಟರ್ಫ್ ಹೇಗಿದೆ ಅಂತ ನೋಡ್ತಾರೆ. ನಾನು ನೇರ ಹೋಗಿ ಟಾಯ್ಲೆಟ್ ನೋಡ್ತೇನೆ, ಒಳಗಿಂದ ಚಿಲಕ ಬೀಳ್ತದಾ, ನಲ್ಲೀಲಿ ನೀರು ಬರ್ತದಾ, ಡಸ್ಟ್‌ಬಿನ್ ಉಂಟಾ. ಒಂದು ಗ್ರೌಂಡಲ್ಲಿ ಲೇಡೀಸ್ ಟಾಯ್ಲೆಟ್ ತುಂಬ ಸಿಮೆಂಟ್ ಚೀಲ ಇಟ್ಟಿದ್ರು, ಬೀಗದ ಕೈ ವಾಚ್‌ಮನ್ ಹತ್ರ, ವಾಚ್‌ಮನ್ ಊರಲ್ಲಿ. ಹುಡುಗೀರು ಬೆಳಿಗ್ಗೆಯಿಂದ ನೀರೇ ಕುಡೀದೆ ಆಡಿದ್ರು, ಬಿಸಿಲಲ್ಲಿ, ಒಬ್ಬಳು ಕುಸಿದು ಬಿದ್ಲು. ಅವತ್ತಿಂದ ನಮ್ಮ ನಿಯಮ, ಮ್ಯಾಚಿನ ಉಸ್ತುವಾರಿ ನೋಡೋ ಮ್ಯಾಚ್ ಕಮಿಷನರ್ ಶೀಟಲ್ಲಿ ಮೊದಲ ಕಾಲಂ ಟಾಯ್ಲೆಟ್, ಅದಕ್ಕೆ ಟಿಕ್ ಬೀಳದೆ ಕಿಕ್-ಆಫ್ ಇಲ್ಲ. ಬಟ್ಟೆ ಬದಲಾಯಿಸೋಕೆ ರೂಮ್ ಇಲ್ಲದಿದ್ರೆ ನಾಲ್ಕು ಬಿದಿರು ಮತ್ತು ದಪ್ಪ ಬಟ್ಟೆಯ ಪರದೆ ಸಾಕು, ಮಂಟಪದವರು ದಿನದ ಬಾಡಿಗೆಗೆ ಕೊಡ್ತಾರೆ.

ಗ್ರೌಂಡಿನ ಅಳತೆ ಕನಿಷ್ಠ 90 ಮೀಟರ್ ಉದ್ದ, 45 ಅಗಲ. ಬಿಲ್ಡಿಂಗ್ ಮೇಲೆ ಬಲೆ ಕಟ್ಟಿ ಗಂಟೆಗಿಷ್ಟು ಅಂತ ಕೊಡೋ ಟರ್ಫಲ್ಲಿ ಹನ್ನೊಂದು ಜನರ ಆಟ ಆಗೋದಿಲ್ಲ, ಎಷ್ಟೇ ಡಿಸ್ಕೌಂಟ್ ಕೊಟ್ರೂ ಬೇಡ ಅನ್ನಿ. ದೊಡ್ಡ ಸ್ಟೇಡಿಯಂ ಆಸೆ ಬಿಡಿ. ನವಿ ಮುಂಬೈ ನೆರೂಳಿನ ಡಿ ವೈ ಪಾಟೀಲ್ ಸ್ಟೇಡಿಯಮ್ಮಿನಲ್ಲಿ 2022ರಲ್ಲಿ ಹುಡುಗೀರ ಅಂಡರ್-17 ವರ್ಲ್ಡ್ ಕಪ್ ಫೈನಲ್ಲೇ ಆಯ್ತು, ಸ್ಪೇನ್ ಕೊಲಂಬಿಯಾವನ್ನ 1-0 ಸೋಲಿಸಿತು, ಗೋವಾದ ಫಾತೊರ್ಡಾದಲ್ಲೂ ಮ್ಯಾಚ್ ಆಯ್ತು, ಅದೇ ವರ್ಷ ಪುಣೆಯ ಬಾಳೇವಾಡಿಯಲ್ಲಿ ಹೆಂಗಸರ ಏಷ್ಯನ್ ಕಪ್ ಮ್ಯಾಚು. ಆ ಸ್ಟೇಡಿಯಂಗಳು ಅಲ್ಲೇ ಇವೆ, ನಮ್ಮ ಬಜೆಟ್ಟಿಗೆ ಗೇಟಿನ ಫೋಟೋ ಮಾತ್ರ.

ಕಿಟ್ಟಿನ ಬಗ್ಗೆ ಒಂದೇ ಮಾತು: ಬಿಳಿ ಚಡ್ಡಿ ಬೇಡ. ಯಾಕೆ ಅಂತ ಹೆಂಗಸರಿಗೆ ಹೇಳ್ಬೇಕಾಗಿಲ್ಲ, ಗಂಡಸರು ಅವರ ಮನೇಲಿ ಕೇಳ್ಕೊಳ್ಳಿ. ಇಂಗ್ಲೆಂಡಿನ ಹೆಂಗಸರ ಟೀಮೇ 2023ರಲ್ಲಿ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಹೋಯ್ತು. ಫಸ್ಟ್ ಏಡ್ ಬಾಕ್ಸಲ್ಲಿ ಪ್ಯಾಡ್ ಇರಲೇಬೇಕು. ಚಡ್ಡಿ ಒಳಗೆ ಉದ್ದ ಲೆಗ್ಗಿಂಗ್ಸ್ ಹಾಕ್ಕೊಳ್ಳಬಹುದು, ಚಡ್ಡಿಯ ಬಣ್ಣದ್ದೇ ಆಗಿರ್ಬೇಕು ಅಷ್ಟೇ, ಹಿಜಾಬಿಗೂ ಫಿಫಾ 2014ರಿಂದ ಒಪ್ಪಿಗೆ ಉಂಟು. ಇದು ಸಣ್ಣ ವಿಷಯ ಅಲ್ಲ. ಗೋವಾದಲ್ಲಿ ವಾಸ್ಕೋದ ಬಾಯಿನಾ ಕಡೆ ವಿಜಾಪುರ, ಬಾಗಲಕೋಟೆ, ಗದಗದಿಂದ ಬಂದು ನೆಲೆಸಿದ ನಮ್ಮವರು ಬೇಕಾದಷ್ಟು ಜನ. ಅಲ್ಲೊಬ್ಬಳು ಹುಡುಗಿ, ಗಾಳಿ ಥರ ಓಡ್ತಾಳೆ, ಅಪ್ಪ ಗೌಂಡಿ ಕೆಲಸ. ಕೇಳೋಕೆ ಹೋದಾಗ ಅವರು ಹೇಳಿದ್ದು, "ಅಕ್ಕಾರ, ಆಟ ಆಡ್ಲಿ ಬ್ಯಾಡ ಅನ್ನಂಗಿಲ್ರಿ, ಆದ್ರ ಸಣ್ಣ ಚಡ್ಡಿ ಹಾಕ್ಕೊಂಡು ಮಂದಿ ಮುಂದ ಓಡೂದು ನಮ್ ಮನ್ಯಾಗ ಆಗಂಗಿಲ್ರಿ, ನಾಳೆ ಊರಿಗೆ ಹೋದ್ರ ಮಂದಿ ಏನಂತಾರ." ನಾನು ಫೋನಲ್ಲಿ ಲೆಗ್ಗಿಂಗ್ಸ್ ಹಾಕಿದ ಪ್ಲೇಯರ್ ಫೋಟೋ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿ, "ಹಿಂಗಾದ್ರ ಅಡ್ಡಿ ಇಲ್ರಿ, ಮತ್ತ ರಾತ್ರಿ ಕರ್ಕೊಂಡು ಬಂದು ಬಿಡೋರು ಯಾರ್ರಿ?" ಅಂದ್ರು. ಎರಡನೇ ಪ್ರಶ್ನೆಗೆ ನಿಮ್ಮ ಹತ್ರ ಹೆಸರು, ಫೋನ್ ನಂಬರ್ ಸಮೇತ ಉತ್ತರ ಇರ್ಬೇಕು. ಹುಡುಗೀರ ಲೀಗ್ ನಿಲ್ಲೋದು ಬೀಳೋದು ಆ ಉತ್ತರದ ಮೇಲೆ.

ಹಾಗಾಗಿ ಕಾವಲಿನ ನಿಯಮ ಕಾಗದದ ಮೇಲೆ ಬರೆದು ಮನೆ ಮನೆಗೆ ಕೊಡಿ, ಅವರವರ ಭಾಷೇಲಿ. ಪ್ರತಿ ಟೀಮಿನ ಜೊತೆ ಒಬ್ಬ ಹೆಂಗಸು ಕಡ್ಡಾಯ, ಅವಳು ಇಲ್ಲದೆ ಬಸ್ಸು ಹೊರಡೋದಿಲ್ಲ. ಕೋಚು ಯಾವ ಹುಡುಗಿಗೂ ಒಬ್ಬಳಿಗೇ ಮೆಸೇಜ್ ಹಾಕೋ ಹಾಗಿಲ್ಲ, ಏನಿದ್ರೂ ಗ್ರೂಪಲ್ಲಿ, ಗ್ರೂಪಲ್ಲಿ ಒಬ್ರಾದ್ರೂ ತಾಯಿ ಇರ್ಬೇಕು. ರೂಮಲ್ಲಿ ಹುಡುಗೀರ ಜೊತೆ ದೊಡ್ಡವರು ಮಲಗೋದಿಲ್ಲ. 18ಕ್ಕಿಂತ ಸಣ್ಣವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾನೂನು ಉಂಟು, ಗೊತ್ತಾದ ಮೇಲೆ ಪೊಲೀಸಿಗೆ ತಿಳಿಸದೆ ಮುಚ್ಚಿಟ್ರೆ ಅದೂ ಅಪರಾಧ, ಕಮಿಟಿಯಲ್ಲಿ ಕೂತು ಸೆಟ್ಲ್ ಮಾಡೋ ವಿಷಯ ಅಲ್ಲ. ದೂರು ತಗೊಳ್ಳೋಳು ಲೀಗ್ ನಡೆಸೋರ ಪೈಕಿ ಆಗಿರ್ಬಾರ್ದು, ಹೊರಗಿನ ಹೆಂಗಸು ಆಗಿರ್ಬೇಕು. ನಾವು ಒಬ್ಬ ರಿಟೈರ್ಡ್ ಟೀಚರನ್ನ ಕೇಳ್ಕೊಂಡ್ವಿ, ಅವರ ನಂಬರ್ ಪ್ರತಿ ಹುಡುಗಿಯ ಐಡಿ ಕಾರ್ಡಿನ ಹಿಂದೆ ಪ್ರಿಂಟ್ ಆಗಿದೆ.

ರಿಜಿಸ್ಟ್ರೇಷನ್ ಬೋರಿಂಗ್ ಕೆಲಸ, ಆದ್ರೆ ಅಲ್ಲೇ ಕಳ್ಳತನ ಆಗೋದು. ಬೆಳಿಗ್ಗೆ ಒಂದು ಟೀಮಿನ ಜೆರ್ಸಿ, ಸಂಜೆ ಇನ್ನೊಂದು ಟೀಮಿಗೆ ಬೇರೆ ಹೆಸರಲ್ಲಿ ಅದೇ ಹುಡುಗಿ. ಒಂದು ಟೀಮಿಗೆ 25 ಹೆಸರು, ಫೋಟೋ, ಜನನ ಪ್ರಮಾಣಪತ್ರ, ಎಐಎಫ್‌ಎಫ್‌ನ ಪ್ಲೇಯರ್ ರಿಜಿಸ್ಟ್ರೇಷನ್ ವ್ಯವಸ್ಥೆ ಸಿಆರ್‌ಎಸ್‌ನಲ್ಲಿ ನಂಬರ್ ಇದ್ರೆ ಅದು, ಕಡೇ ತಾರೀಖು ಮುಗಿದ ಮೇಲೆ ಲಿಸ್ಟ್ ಮುಚ್ಚಿ. ಒಬ್ಬಳು ಒಂದು ಸೀಸನ್ನಿಗೆ ಒಂದೇ ಟೀಮು, ಒಂದೇ ಸೆಕ್ಷನ್ನು. ಗೋಲ್‌ಕೀಪರಿಗೆ ಮಾತ್ರ ರಿಯಾಯಿತಿ ಕೊಡಿ, ಒಬ್ಬಳಿಗೆ ಬೆರಳು ಮುರಿದ್ರೆ ಇನ್ನೊಬ್ಬಳು ಸಿಗೋದು ಕಷ್ಟ. ಏಳಕ್ಕಿಂತ ಕಡಿಮೆ ಜನ ಇದ್ರೆ ಮ್ಯಾಚ್ ಇಲ್ಲ, ವಾಕೋವರ್, ಎದುರಿನ ಟೀಮಿಗೆ ಆಡದೇ 3-0 ಗೆಲುವು. ಆದ್ರೆ ವಾಕೋವರ್ ಕೊಟ್ಟ ಟೀಮಿಗೆ ದಂಡ ಹಾಕೋ ಮುಂಚೆ ಫೋನ್ ಮಾಡಿ ಯಾಕೆ ಅಂತ ಕೇಳಿ, ಹತ್ತರಲ್ಲಿ ಎಂಟು ಸಲ ಬಸ್ಸಿನ ದುಡ್ಡು ಇರೋದಿಲ್ಲ.

ದುಡ್ಡು

ದೊಡ್ಡ ಖರ್ಚು ಪ್ರಯಾಣದ್ದೇ. ನಾವು ಮಾಡಿಕೊಂಡ ಉಪಾಯ, ಎಲ್ಲರ ಬಸ್ ರೈಲು ಖರ್ಚು ಒಂದೇ ಡಬ್ಬಿಗೆ. ಸೀಸನ್ ಶುರುವಲ್ಲೇ ಫಿಕ್ಸ್ಚರ್ ನೋಡಿ ಆರೂ ಟೀಮಿನ ಪ್ರಯಾಣ ಲೆಕ್ಕ ಹಾಕಿ, ಕೂಡಿಸಿ, ಆರರಿಂದ ಭಾಗಿಸಿ, ಎಲ್ಲರೂ ಅಷ್ಟೇ ಹಾಕೋದು. ಪರೇಲಿನ ಟೀಮು ಹತ್ರದಲ್ಲೇ ಆಡ್ತದೆ, ಆದ್ರೂ ಪುಣೆ ಟೀಮಿನಷ್ಟೇ ಹಾಕ್ಬೇಕು. ಮೊದ್ಲು ಮುಂಬೈಯವರು ಗೊಣಗಿದ್ರು, ಆಮೇಲೆ ಪುಣೆಯವರು ಒಂದು ವಾಕೋವರೂ ಕೊಡ್ಲಿಲ್ಲ ಅಂತ ಗೊತ್ತಾದಾಗ ಸುಮ್ಮನಾದ್ರು. ಪ್ರೈಜ್ ಮನಿ ಕಡಿಮೆ ಇಡಿ, ಆ ದುಡ್ಡನ್ನೂ ಇದೇ ಡಬ್ಬಿಗೆ ಹಾಕಿ.

ಸ್ಪಾನ್ಸರ್ ಹತ್ರ ಹೋಗೋಕೂ ಒಂದು ರೀತಿ ಉಂಟು. ಮುಂಬೈಯಲ್ಲಿ ನಮ್ಮೂರಿನ ಹೋಟೆಲಿನವರ ಹತ್ರ ಐವತ್ತು ಸಾವಿರ ಕೊಡಿ ಅಂದ್ರೆ ಮುಖ ನೋಡ್ತಾರೆ, ನಾಡಿದ್ದು ಬನ್ನಿ ಅಂತಾರೆ. ಹತ್ತು ಭಾನುವಾರ ನಲ್ವತ್ತು ಹುಡುಗೀರಿಗೆ ಇಡ್ಲಿ ಕೊಡ್ತೀರಾ ಅಣ್ಣಾ ಅಂದ್ರೆ, ಅಷ್ಟೇನಾ, ಬರೀ ಇಡ್ಲಿ ಯಾಕೆ, ಶೀರಾ ಹಾಕುವ ಅಂತಾರೆ. ತಿಂಡಿ ಅಂದ್ರೆ ಸಣ್ಣದಲ್ಲ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ ಅಂತ ಸರ್ಕಾರದ ಐದನೇ ಕುಟುಂಬ ಆರೋಗ್ಯ ಸರ್ವೇನೇ ಹೇಳ್ತದೆ, ಖಾಲಿ ಹೊಟ್ಟೇಲಿ ಬಂದು 90 ನಿಮಿಷ ಓಡೋದು ಅಂದ್ರೆ ತಮಾಷೆ ಅಲ್ಲ. ಶೇಂಗಾ ಬೆಲ್ಲದ ಚಿಕ್ಕಿ ಪ್ರತಿ ಗ್ರೌಂಡಲ್ಲೂ ಇರ್ಲಿ.

ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ಸಿಎಸ್‌ಆರ್ ದುಡ್ಡು ಬೇಕು ಅಂದ್ರೆ ಟ್ರಸ್ಟೋ ಸೊಸೈಟಿಯೋ ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿಯೋ ಒಂದು ರಿಜಿಸ್ಟರ್ ಆಗಿರ್ಬೇಕು, ಸಿಎಸ್‌ಆರ್-1 ಫಾರ್ಮ್ ಹಾಕಿರ್ಬೇಕು. ಕಾನೂನಿನ ಪಟ್ಟಿಯಲ್ಲಿ ಇರೋ ಪದ ಕ್ರೀಡೆಯ ತರಬೇತಿ ಅಂತ, ಹಾಗಾಗಿ ಪ್ರಪೋಸಲ್ಲಲ್ಲಿ ಟ್ರೋಫಿ, ಸ್ಟೇಜು ಅಂತ ಬರೀದೆ ಕೋಚಿಂಗ್, ರೆಫರಿ ಟ್ರೇನಿಂಗ್ ಅಂತ ನಿಜವಾಗಿ ಮಾಡೋದನ್ನ ಬರೀರಿ. ಹೆಣ್ಣುಮಕ್ಕಳನ್ನ ರೆಫರಿ ಮಾಡೋಕೆ ಖರ್ಚು ಮಾಡಿ, ಅದು ಹತ್ತು ವರ್ಷ ಫಲ ಕೊಡ್ತದೆ. ಗೋವಾದ ಯುವೆನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನಿನ ಅಂಡರ್-17 ವರ್ಲ್ಡ್ ಕಪ್ಪಿನಲ್ಲಿ ಅಸಿಸ್ಟೆಂಟ್ ರೆಫರಿಯಾಗಿ ಲೈನಿನ ಮೇಲೆ ಓಡಿದವರು. ಮಂಡಿ ನೋವಿಂದ ಆಟ ಬಿಟ್ಟ ನಮ್ಮ ಇಬ್ಬರು ಹುಡುಗೀರು ಈಗ ಬಾವುಟ ಹಿಡೀತಾರೆ.

ಮಂಡಿ ಅಂದ್ನಲ್ಲ, ಎಸಿಎಲ್ ಅಂತ ಮಂಡಿಯೊಳಗಿನ ಲಿಗಮೆಂಟ್ ಹರಿಯೋದು ಗಂಡಸರಿಗಿಂತ ಹೆಂಗಸರಿಗೆ ಎರಡು ಪಟ್ಟಿಗಿಂತ ಜಾಸ್ತಿ. ಒಮ್ಮೆ ಹರಿದ್ರೆ ಆಪರೇಷನ್ನು, ಒಂಬತ್ತು ತಿಂಗಳು ಹೊರಗೆ, ಬಡವರ ಮನೆ ಹುಡುಗಿ ಆದ್ರೆ ಅಲ್ಲಿಗೆ ಮುಗೀತು. ಫಿಫಾ 11 ಪ್ಲಸ್ ಅಂತ 20 ನಿಮಿಷದ ವಾರ್ಮ್‌ಅಪ್ ಉಂಟು, ವಿಶೇಷ ಸಲಕರಣೆ ಬೇಡ, ಫ್ರೀ, ಅದನ್ನ ಮಾಡದ ಟೀಮಿಗೆ ಗ್ರೌಂಡಿಗೆ ಇಳಿಯೋಕೆ ಬಿಡಬೇಡಿ. ಅಂಬುಲೆನ್ಸ್ ಬಾಡಿಗೆ ಉಳಿಸೋಕೆ ಹೋಗ್ಬೇಡಿ.

ಯಾರು ನಡೆಸೋದು ಅಂದ್ರೆ, ಪ್ರತಿ ಸೆಕ್ಷನ್ನಿಗೆ ಒಬ್ಬ ಕಾರ್ಯದರ್ಶಿ, ಅವರವರ ಫಿಕ್ಸ್ಚರ್, ಗ್ರೌಂಡು, ರೆಫರಿ ಅವರೇ ನೋಡ್ಕೊಳ್ಳಲಿ. ಮೇಲಿನ ಕಮಿಟಿಗೆ ಒಂದು ಸೆಕ್ಷನ್ನಿಂದ ಒಬ್ಬರು, ಅಷ್ಟೇ, ಅವರ ಕೆಲಸ ನ್ಯಾಷನಲ್ ರೌಂಡು, ನಿಯಮಪುಸ್ತಕ, ಮತ್ತೆ ಅಪೀಲು. ರೆಡ್ ಕಾರ್ಡ್ ಜಗಳ, ವಯಸ್ಸಿನ ಜಗಳ ಬಂದ್ರೆ 48 ಗಂಟೆಯೊಳಗೆ ಬರೆದು ಕೊಡ್ಬೇಕು, ತೀರ್ಪು ಕೊಡೋರು ಬೇರೆ ಸೆಕ್ಷನ್ನಿನವರು. ಪುಣೆಯ ಜಗಳಕ್ಕೆ ಗೋವಾದವರು, ಗೋವಾದ್ದಕ್ಕೆ ಮುಂಬೈಯವರು. ಎಲ್ಲರೂ ಎಲ್ಲರಿಗೂ ಪರಿಚಯ ಇರೋ ಆಟ ಇದು, ಮದುವೆ ಊಟದಲ್ಲಿ ಮತ್ತೆ ಸಿಗ್ಬೇಕು, ದೂರದವರು ಹೇಳಿದ್ರೆ ಸಿಟ್ಟು ಕಡಿಮೆ.

ನ್ಯಾಷನಲ್ ರೌಂಡು ವರ್ಷಕ್ಕೊಂದು ಸೆಕ್ಷನ್ನಿಗೆ ಹೋಗ್ಲಿ, ಆದ್ರೆ ನಡೆಸೋ ಊರಿನ ಟೀಮಿಗೆ ಎಕ್ಸ್ಟ್ರಾ ಸೀಟ್ ಇಲ್ಲ. ಟ್ರೈಪಾಡಿಗೆ ಫೋನ್ ಸಿಕ್ಕಿಸಿ ಯೂಟ್ಯೂಬಲ್ಲಿ ಲೈವ್ ಹಾಕಿ, ಕಾಮೆಂಟರಿ ಬೇಡ, ಊರಲ್ಲಿ ಕೂತ ಅಜ್ಜಿಗೆ ಮೊಮ್ಮಗಳು ಕಂಡ್ರೆ ಸಾಕು. ಸೋತ ಟೀಮಿಗೆ ಗುಂಪಿನ ಮ್ಯಾಚ್ ಮುಗಿದ ದಿನವೇ ವಾಪಸ್ ಟಿಕೆಟ್ ಬುಕ್ ಮಾಡಬೇಡಿ, ಒಂದು ಫ್ರೆಂಡ್ಲಿ ಇಡಿ, ಅಷ್ಟು ದೂರ ಬಂದಿದ್ದಾರೆ.

ಈಗ ನಿಮಗೆ ಕೆಲಸ ಶುರು ಮಾಡ್ಬೇಕು ಅಂದ್ರೆ ಈ ವಾರ ಮಾಡ್ಬೇಕಾದ್ದು ಇಷ್ಟು: ನಿಮ್ಮ ಸುತ್ತ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋಕಾಗೋ ಊರುಗಳಲ್ಲಿ ಹುಡುಗೀರ ಟೀಮು ಎಷ್ಟಿದೆ ಅಂತ ಎಣಿಸಿ. ಶಾಲೆ, ಕಾಲೇಜು, ಚರ್ಚು, ರೈಲ್ವೆ ಕಾಲೋನಿ, ಪೊಲೀಸ್ ಲೈನ್, ಎಲ್ಲಾ ಕಡೆ ಕೇಳಿ. ನಾಲ್ಕು ಸಿಕ್ರೆ ಹೆದರ್ಬೇಡಿ, ಮೂರು ಸುತ್ತು ಆಡಿಸಿ, ಒಬ್ಬೊಬ್ಬರಿಗೆ ಒಂಬತ್ತು ಮ್ಯಾಚ್ ಆಯ್ತು. ಮೂರೇ ಸಿಕ್ರೆ ಪಕ್ಕದ ಊರಲ್ಲಿ ನಾಲ್ಕನೇದನ್ನ ಹುಟ್ಟಿಸಿ, ಕೋಚು ಸಿಗದಿದ್ರೆ ನನಗೆ ಹೇಳಿ, ಬಾವುಟ ಹಿಡಿಯೋ ಆ ಇಬ್ಬರಲ್ಲಿ ಒಬ್ಬಳು ಕೆಲಸ ಹುಡುಕ್ತಿದ್ದಾಳೆ.